ಸುಮ್ಮನಿದ್ರ ಒಪ್ಪಿದಂಗ ಏನು?

ಗುಂಪು: ಧಾರವಾಡ–ಪುಣೆ ಬಳಗ

ಅಪ್ಪಿ, ರಾತ್ರಿ 8:42
[ಫಾರ್ವರ್ಡ್] ಸ್ವಯಂಸೇವಕರ ಕಂಪ್ಯೂಟರ್‌ಗಳ ಮೇಲೆ ನಿಂತ ನೆಟ್‌ವರ್ಕ್ ಯಾವುದೇ ಇರಲಿ, ಅದನ್ನು ಬಳಸುವವರೆಲ್ಲ ಮೊದಲ ದಿನದಿಂದಲೇ ಕೊಡುವವರೂ ಆಗಬೇಕು. ಸಾಫ್ಟ್‌ವೇರ್ ಹಾಗೇ ಬರಬೇಕು. ಬೇಡವಾದವರು ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿಕೊಳ್ಳಲಿ.

ಅಪ್ಪಿ, 8:43
ಎಲ್ಲಾರೂ ಓದ್ರಿ. ನನಗ ಇದು ಖರೆ ಅನಸ್ತದ. ಟಾರ್ ದಿನಾ ಲಕ್ಷಗಟ್ಟಲೆ ಮಂದಿ ಬಳಸ್ತಾರ, ರಿಲೇ ನಡಸೋರು ಬರೇ ಕೆಲವು ಸಾವಿರ. ಉಣ್ಣೋರು ಅಷ್ಟು ಮಂದಿ, ಬಡಸೋರು ಇಷ್ಟ ಮಂದಿ.

ಕೋಥರೂಡ ಕಾಕಾ, 8:50
ಟಾರ್ ಅಂದ್ರೇನಪಾ?

ಅಪ್ಪಿ, 8:52
ನೀವು ಏನು ಓದಿದ್ರಿ ಅಂತ ಇಂಟರ್ನೆಟ್ ಕಂಪನಿಗೆ ತಿಳೀಬಾರದು, ಓದಿದವರು ಯಾರು ಅಂತ ಆ ಸೈಟಿಗೂ ತಿಳೀಬಾರದು. ಅದಕ್ಕ ನಿಮ್ಮ ಮಾತು ಮೂರು ಕಂಪ್ಯೂಟರ್ ದಾಟಿ ಹೋಗ್ತದ ಕಾಕಾ. ಅವಕ್ಕ ರಿಲೇ ಅಂತಾರ, ಆ ಮೂರನ್ನೂ ಯಾರೋ ಪುಕ್ಕಟೆ ನಡಸ್ತಿರ್ತಾರ.

ಕೋಥರೂಡ ಕಾಕಾ, 9:04
ಛಲೋ ಕೆಲಸ. ಆದ್ರ ಕೇಳದೇ ತಗೊಳ್ಳೋದು ನನಗ ಸೇರೂದಿಲ್ಲ. ನಮ್ಮ ಸೊಸೈಟಿಯಾಗ ಹೋದ ವರ್ಷ ಗಣಪತಿ ವರ್ಗಣಿ 501 ರೂಪಾಯಿ ಮೆಂಟೇನನ್ಸ್ ಬಿಲ್ಲಿನಾಗ ಸೇರಿಸಿಬಿಟ್ರು. ಬ್ಯಾಡಾದವರು ಬರದು ಕೊಡ್ರಿ ಅಂದ್ರು. ನಾ ಪ್ರತಿ ವರ್ಷ 1001 ಕೊಡಾಂವ. ಪಾವತಿ ಪುಸ್ತಕ ಹಿಡಕೊಂಡು ಹುಡುಗೂರು ಬಾಗಲಿಗೆ ಬರ್ತಿದ್ರು, ನಿಮ್ಮ ಕಾಕು ಒಬ್ಬೊಬ್ಬರ ಕೈಯಾಗ ಎರಡೆರಡು ಬೇಸನ್ ಲಾಡು ಇಡ್ತಿದ್ಲು, ಅವರು ಅಲ್ಲೇ ನಿಂತು ಚೀಟಿ ಹರದು ಕೊಡ್ತಿದ್ರು. ಹೋದ ವರ್ಷ ಯಾರೂ ಬರಲಿಲ್ಲ. ನಾನೂ 501ರ ಮ್ಯಾಲೆ ಒಂದು ರೂಪಾಯಿ ಕೊಡಲಿಲ್ಲ.

ಅಪ್ಪಿ, 9:07
ನಿಮ್ಮ ಕಡಿಂದ 500 ಕಮ್ಮಿ ಆತು, ಒಪ್ತೀನಿ. ಆದ್ರ ಎಂದೂ ಕೊಡದ ಮನಿಗಳೂ 501 ಕೊಟ್ಟಾವಲ್ಲ? ಮಂಡಳಕ್ಕ ಲಾಭನ ಆಗಿರ್ತದ.

ಕೋಥರೂಡ ಕಾಕಾ, 9:09
ರೊಕ್ಕ ಬಂದಿರಬಹುದು. ಮಂಟಪ ಕಟ್ಟಲಿಕ್ಕೆ ಎಷ್ಟು ಮಂದಿ ಬಂದ್ರು ಕೇಳು. ಮೂರು ಮಂದಿ.

ಅಪ್ಪಿ, 9:12
ಮಂದಿ ತಮ್ಮತಮ್ಮೊಳಗ ಫೈಲ್ ಹಂಚಿಕೊಳ್ಳೋ ಟೊರೆಂಟ್ ಹೆಂಗ ನಡದದ ಹಂಗಾರ? ತಗೊಳ್ಳೋವಾಗನ ಕೊಡ್ತಿರಬೇಕು. 2001ರಿಂದ ಯಾರಿಗೂ ಅದು ಅನ್ಯಾಯ ಅನಿಸಿಲ್ಲ.

ಹಿಂಜವಡಿ ಅಕ್ಕ, 9:26
ಈಗ ಆಫೀಸ್ ಬಸ್ ಇಳದೆ. ಅಪ್ಪಿ, ಟೊರೆಂಟಿನಾಗ ನೀ ತಗೊಂಡ ತುಣುಕನ್ನ ಮುಂದಿನವಗ ದಾಟಸ್ತಿ. ಏನು ಕೊಡಾಕತ್ತೀನಿ ಅನ್ನೋದು ನಿನಗ ಗೊತ್ತು. ಟಾರಿನಾಗ ಪರರ ಮಾತು ನಿನ್ನ ಮನಿ ಹಾಯ್ದು ಹೋಗ್ತದ. ಕಡೀ ಕಂಪ್ಯೂಟರ್, ಅಂದ್ರ ಎಕ್ಸಿಟ್, ನಿಂದಾಗಿದ್ರ, ಯಾವನೋ ಬರದದ್ದಕ್ಕ ಪೊಲೀಸರು ನಿನ್ನ ವಿಳಾಸ ಹಿಡಕೊಂಡು ಬರ್ತಾರ. 2017ರಾಗ ಮಾಸ್ಕೋದಾಗ ಒಬ್ಬ ಗಣಿತದ ಮಾಸ್ತರರಿಗೆ ಹಂಗ ಆತು. ಮನಿಯಾಗ ಎಕ್ಸಿಟ್ ನಡಸ್ತಿದ್ರು. ಜೈಲು, ಆಮ್ಯಾಲೆ ಗೃಹಬಂಧನ. ಆರೋಪ ಕೈಬಿಟ್ಟದ್ದು 2018ರಾಗ.

ಅಪ್ಪಿ, 9:28
ಎಕ್ಸಿಟ್ ಯಾರ ಮ್ಯಾಲೂ ಹೊರಸೂದು ಬ್ಯಾಡ. ನಡುವಿನ ರಿಲೇ ಅಷ್ಟ ಮಾಡ್ಲಿ.

ಹಿಂಜವಡಿ ಅಕ್ಕ, 9:35
ಅಲ್ಲೇ ನನ್ನ ಜೀವ ಹಿಡಕೊಳ್ತದ. ರಿಲೇಗಳ ವಿಳಾಸದ ಪಟ್ಟಿ ಬಹಿರಂಗ ಇರ್ತದ. ಯಾವ ರಿಲೇ ಎಲ್ಲೆದ ಅಂತ ತಿಳೀದಿದ್ರ ನಿನ್ನ ಟಾರ್ ದಾರಿ ಹೆಂಗ ಹುಡುಕಬೇಕು? ಬಳಸೋರನ್ನೆಲ್ಲಾ ರಿಲೇ ಮಾಡಿದ್ರ ಬಳಸೋರ ಪಟ್ಟಿನ ಬಹಿರಂಗ ಆತು. ಟಾರ್ ನಿಷೇಧ ಇರೋ ದೇಶದಾಗ ಒಬ್ಬ ಹುಡುಗಿ ಅಂಜಿಕೊಂತ ಸುದ್ದಿ ಓದಲಿಕ್ಕೆ ಬಂದಿರ್ತಾಳ. ಆಕಿ ವಿಳಾಸ ಆಕಿ ಸರಕಾರದ ಕೈಗೆ ನಾವ ಕೊಟ್ಟಂಗಾತಲ್ಲ ಅಪ್ಪಿ. ಯಾರಿಗೆ ಇದು ಭಾಳ ಬೇಕೋ ಅವರಿಗೇ ಭಾರ ಹೊರೋ ಶಕ್ತಿ ಕಮ್ಮಿ.

ಅಪ್ಪಿ, 9:38
ಐ-ಟು-ಪಿ ಅಂತ ಟಾರಿನಂಥದ ಇನ್ನೊಂದು ನೆಟ್‌ವರ್ಕ್ 2003ರಿಂದ ಅದನ್ನ ಮಾಡ್ತದಲ್ಲ? ಅಲ್ಲಿ ಎಲ್ಲಾರೂ ಎಲ್ಲಾರ ಭಾರ ಹೊರ್ತಾರ.

ಹಿಂಜವಡಿ ಅಕ್ಕ, 9:41
ಅವರೂ ಕಠಿಣ ದೇಶಗಳದೊಂದು ಪಟ್ಟಿ ಇಟ್ಕೊಂಡಾರ. ಅಂಥಲ್ಲಿ ಬಳಸೋರ ಕಂಪ್ಯೂಟರ್ ತಾನಾಗೇ ಮರೆಗೆ ಸರೀತದ, ಪರರ ಭಾರ ಹೊರೂದಿಲ್ಲ. ಎಲ್ಲಾರಿಗೂ ಒಂದ ನಿಯಮ ಅಂತ ಹೊರಟವರಿಗೂ ಅದು ಸಾಧ್ಯ ಆಗಲಿಲ್ಲ.

ಚಿಂಚವಡ ಅತ್ಯಾ, 9:47
ನಾ ಒಂದು ಹೇಳ್ತೀನಿ. ಹೋದ ಮಳಿಗಾಲದಾಗ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡಿದ್ದೆ. ನನ್ನದು ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕ 1.5 ಜಿಬಿ. ಮುಂಜಾನೆ ಹತ್ತನೇತ್ತೆ ಮಕ್ಕಳಿಗೆ ಗಣಿತದ ಕ್ಲಾಸ್ ತಗೊಂಡಿದ್ದೆ, ತ್ರಿಕೋನದ ಒಂದು ಬಾಜು ಎಳದಿದ್ದೆ ಅಷ್ಟ, ನಾಲ್ಕೂ ಮಕ್ಕಳ ಮುಖ ಪರದೆ ಮ್ಯಾಲೆ ಹಂಗ ನಿಂತುಬಿಟ್ವು. ಡೇಟಾ ಖಾಲಿ. ಆ ಸಾಫ್ಟ್‌ವೇರ್ ಮಧ್ಯರಾತ್ರಿಯಿಂದ ಯಾರಿಗೋ ಏನೇನೋ ಕಳಸ್ಲಿಕ್ಕೆ ಹತ್ತಿತ್ತು. ಸೆಟ್ಟಿಂಗ್ಸ್ ಒಳಗ ಒಂದು ಟಿಕ್ ಇತ್ತಂತ. ನಾ ಯಾವಾಗ ನೋಡಬೇಕಿತ್ತು ಅದನ್ನ?

ಅಪ್ಪಿ, 9:53
ಅತ್ಯಾ, ಅದು ತಪ್ಪ. ಖರೇನ ತಪ್ಪು. ಆದ್ರ ಕೇಳಿದ್ರ ಎಲ್ಲಾರೂ ‘ಆಮ್ಯಾಲೆ’ ಒತ್ತಿ ಮುಂದ ಹೋಗ್ತಾರ. ಹಂಗಾದ್ರ ರಿಲೇ ಎಲ್ಲಿಂದ ಬರಬೇಕು?

ಕೋಥರೂಡ ಕಾಕಾ, 9:55
ನನ್ನ ಯಾರು ಕೇಳ್ಯಾರ ಅಪ್ಪಿ? ಮನಿಯಾಗ ಫೈಬರ್ ಅದ, ಇಡೀ ದಿವಸ ಖಾಲಿ ಇರ್ತದ. ನೀ ಈಗ ಕೇಳು.

ಹಿಂಜವಡಿ ಅಕ್ಕ, 10:02
ಕಾಕಾ, ನಿಮಗ ರಿಲೇ ಬ್ಯಾಡ. ಸ್ನೋಫ್ಲೇಕ್ ಅಂತ ಅದ, ಬ್ರೌಸರಿಗೆ ಹಚ್ಚೋ ಎಕ್ಸ್‌ಟೆನ್ಶನ್. ಟಾರ್ ಬಂದ್ ಆದ ದೇಶದವರು ನಿಮ್ಮ ಮೂಲಕ ಟಾರ್ ಒಳಗ ಹೊಕ್ಕೋತಾರ. ಅಲ್ಲಿಂದ ಹೊರಗ ಹೋಗೂದು ಬ್ಯಾರೆಯವರ ಕಂಪ್ಯೂಟರಿನಿಂದ, ಹಿಂಗಾಗಿ ಅವರು ನೋಡೋ ಸೈಟಿಗೆ ನಿಮ್ಮ ವಿಳಾಸ ಕಾಣಸೂದಿಲ್ಲ. 2022ರಾಗ ಇರಾನಿನ ಮಂದಿಗೆ ಭಾಳ ಉಪಯೋಗಕ್ಕ ಬಂತು. ಬ್ಯಾಡ ಅನಿಸಿದಾಗ ಒಂದು ಗುಂಡಿ ಒತ್ತಿದ್ರ ಬಂದ್.

ಅಪ್ಪಿ, 10:06
ಕಾಕಾ, ಕೇಳಾಕತ್ತೀನಿ. ಹಾಕಲೇನು?

ಕೋಥರೂಡ ಕಾಕಾ, 10:07
ಹಾಕು.

ಅಪ್ಪಿ, 10:09
ಅಕ್ಕಾ, ಒಂದು ಮಾತಿಗೆ ಮಾತ್ರ ನಾ ಬಗ್ಗೂದಿಲ್ಲ. ಕೇಳೂದಾದ್ರ ಮೊದಲನೇ ಪರದೆಯಾಗನ ಕೇಳಬೇಕು, ಉತ್ತರ ಕೊಡದೇ ಮುಂದ ಹೋಗ್ಲಿಕ್ಕೆ ಬರಬಾರದು.

ಹಿಂಜವಡಿ ಅಕ್ಕ, 10:12
ಅದಕ್ಕ ನನ್ನ ತಕರಾರಿಲ್ಲ. ‘ಹೌದು’, ‘ಇಲ್ಲ’ ಎರಡೂ ಗುಂಡಿ ಒಂದ ಅಳತಿ, ಒಂದ ಬಣ್ಣ ಇರಬೇಕು. ದಿನಕ್ಕ ಹೆಚ್ಚಂದ್ರ ಎಷ್ಟು ಡೇಟಾ ಹೋಗ್ಬಹುದು ಅನ್ನೋದು ಅದರ ಕೆಳಗ.

ಚಿಂಚವಡ ಅತ್ಯಾ, 10:14
ಡೇಟಾದ ಮಾತು ಕೆಳಗ ಅಲ್ಲ, ಮ್ಯಾಲೆ ಬರೀರಿ. ಮತ್ತ ಮರಾಠಿ, ಕನ್ನಡದಾಗೂ ಇರಲಿ.

ಕೋಥರೂಡ ಕಾಕಾ, 10:15
ಅಪ್ಪಿ, ಐತವಾರ ಮುಂಜಾನೆ ಬಾ. ಮೊದಲು ಬಂದ್ ಮಾಡೂದು ಹೆಂಗ ಅಂತ ತೋರಸು, ಆಮ್ಯಾಲೆ ಚಾಲೂ ಮಾಡು.