ಅಪ್‌ಡೇಟ್: ಒಸಿಡಿ ಇರುವ ಮಗುವಿಗೆ ಪದೇ ಪದೇ ಸಮಾಧಾನ ಹೇಳಬೇಕೇ?

ನನ್ನ ಪ್ರಶ್ನೆ ಇದಾಗಿತ್ತು: ಒಸಿಡಿ (ಬೇಡದ ಭಯ, ಅನುಮಾನ ಮತ್ತೆ ಮತ್ತೆ ಬಂದು, ಅದನ್ನು ತಣಿಸಲು ಕೈ ತೊಳೆಯುವಂಥ ಕೆಲಸವನ್ನು ಪದೇ ಪದೇ ಮಾಡಿಸುವ ಮಾನಸಿಕ ತೊಂದರೆ) ಇರುವ ಮಗು "ಅಮ್ಮಾ, ಕೈ ಕ್ಲೀನ್ ಆಗಿದೆಯಾ?" ಎಂದು ಮತ್ತೆ ಮತ್ತೆ ಕೇಳಿದರೆ ಏನು ಹೇಳಬೇಕು? ಈಗ ಸ್ಪಷ್ಟವಾಗಿದೆ: ಆ ಪ್ರಶ್ನೆಗೆ ಉತ್ತರ ಕೊಡುವುದನ್ನು ಹಂತಹಂತವಾಗಿ ನಿಲ್ಲಿಸಬೇಕು.

"ಹೂಂ, ಆಗಿದೆ" ಅಂದ ಕೂಡಲೇ ಆತಂಕ ಇಳಿಯುತ್ತದೆ, ಸ್ವಲ್ಪ ಹೊತ್ತಿಗೇ ಅನುಮಾನ ಮರಳುತ್ತದೆ. ಅಂದರೆ ನಮ್ಮ ಉತ್ತರವೂ ಕೈ ತೊಳೆದಷ್ಟೇ ಕೆಲಸ ಮಾಡುತ್ತದೆ. ಅದರ ಬದಲು ಒಂದೇ ಸಲ, ಮೆತ್ತಗೆ: "ನಿಂಗೆ ಕಷ್ಟ ಆಗ್ತಿದೆ, ಗೊತ್ತು ಪುಟ್ಟಾ. ಆದ್ರೂ ನೀನು ತಡ್ಕೋಬಲ್ಲೆ." ಹೀಗೆ ಮಾಡುತ್ತೇವೆಂದು ಮಗು ಶಾಂತವಾಗಿರುವಾಗ ಮೊದಲೇ ತಿಳಿಸಿರಬೇಕು. ಇಲ್ಲದಿದ್ದರೆ ಅದಕ್ಕೆ ಶಿಕ್ಷೆಯಂತೆ ಕಾಣುತ್ತದೆ.

ಮುಖ್ಯ ಚಿಕಿತ್ಸೆ ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಶನ್, ಅಂದರೆ ಭಯ ಹುಟ್ಟಿಸುವುದನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಿ, ಆಮೇಲೆ ಕೈ ತೊಳೆಯುವಂಥ ಕೆಲಸ ಮಾಡದೆ ತಡೆದುಕೊಳ್ಳುವ ಅಭ್ಯಾಸ. ಪ್ರತಿ ಭಯಕ್ಕೂ ಮಗುವೇ 0ರಿಂದ 10ರವರೆಗೆ ಅಂಕ ಕೊಡುತ್ತದೆ: ಬಾಗಿಲ ಹಿಡಿಕೆ ಮುಟ್ಟಿದರೆ 3, ಶೂ ತಳ ಮುಟ್ಟಿ ಕೈ ತೊಳೆಯದೆ ಕೂತರೆ 7. ಶುರು ಕೆಳಗಿನಿಂದ, ದಿನವೂ ಅಭ್ಯಾಸ. ಕೆಡುವುದು ಎಲ್ಲಿ ಗೊತ್ತೇ? ಹಿಡಿಕೆ ಮುಟ್ಟಿದ ಬೆರಳನ್ನು ಮಗು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಳ್ಳುತ್ತದೆ, ಇಲ್ಲವೇ ಮನಸ್ಸಲ್ಲೇ ಎಣಿಸುತ್ತದೆ. ಅದೂ ತೊಳೆದಂತೆಯೇ, ಗಮನಿಸದಿದ್ದರೆ ತಿಂಗಳುಗಟ್ಟಲೆ ಶ್ರಮ ವ್ಯರ್ಥ.

ಔಷಧಿಯ ಬಗ್ಗೆಯೂ ಕೇಳಿದ್ದೆ. 7ರಿಂದ 17 ವರ್ಷದ 112 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಚಿಕಿತ್ಸೆ; ಮೇಲೆ ಹೇಳಿದ ಅಭ್ಯಾಸ ಇದರದೇ ಭಾಗ) ಮತ್ತು ಸರ್ಟ್ರಲೀನ್ ಎಂಬ ಮಾತ್ರೆ ಎರಡನ್ನೂ ಪಡೆದವರಲ್ಲಿ ಶೇ. 53.6ರಷ್ಟು ಮಕ್ಕಳು ಬಹುತೇಕ ಲಕ್ಷಣಮುಕ್ತರಾದರು. ಸಿಬಿಟಿ ಮಾತ್ರ ಪಡೆದವರಲ್ಲಿ 39.3, ಮಾತ್ರೆ ಮಾತ್ರ ಪಡೆದವರಲ್ಲಿ 21.4. ಮಾತ್ರೆ ಶುರುಮಾಡಿದ ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯುವ ಮಾತು ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.