ಮೂರರಿಂದ ಐದನೇ ಕ್ಲಾಸಿನ ಮಕ್ಕಳಿಗೆ ನಾಟಕ ಕಲಿಸೋದು ಹೇಗೆ? ಮಾಡಿಸಿದವರು ಅನುಭವ ಹೇಳಿ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೇನೆ, ಸೇರಿ ಒಂದೂವರೆ ವರ್ಷ ಆಯಿತು. ಇನ್ನು ಎರಡು ತಿಂಗಳಿಗೆ ವಾರ್ಷಿಕೋತ್ಸವ. ಮೂರು, ನಾಲ್ಕು, ಐದನೇ ಕ್ಲಾಸಿನ ಮಕ್ಕಳಿಂದ ಹತ್ತು ನಿಮಿಷದ ಪುಣ್ಯಕೋಟಿ ನಾಟಕ ಮಾಡಿಸಿ ಅಂತ ಹೆಚ್.ಎಂ. ಹೇಳಿದ್ದಾರೆ. ಒಟ್ಟು 26 ಮಕ್ಕಳು. ನಾನು ಯಾವತ್ತೂ ನಾಟಕ ಮಾಡಿದವಳಲ್ಲ. ಮಾತು ಬರೆದುಕೊಟ್ಟೆ, ಬಾಯಿಪಾಠ ಮಾಡಿಕೊಂಡು ಬಂದಿದ್ದಾರೆ, ಆದರೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ದನಿ ಎರಡನೇ ಸಾಲಿಗೂ ಕೇಳಲ್ಲ. ಹುಲಿ ಪಾರ್ಟಿಗೆ ಆರು ಜನ ಜಗಳ ಆಡುತ್ತಿದ್ದಾರೆ. ಒಬ್ಬಳು ಹುಡುಗಿ ಕ್ಲಾಸಿನಲ್ಲೂ ಬಾಯಿ ಬಿಡಲ್ಲ, ಅವಳಿಗೆ ಏನು ಕೊಡಲಿ? ದಯವಿಟ್ಟು ತಿಳಿದವರು ಹೇಳಿ.

ಮೈಸೂರು ಕಡೆಯ ಟೀಚರ್:

ಮೊದಲು ಆ ಬರೆದ ಹಾಳೆ ವಾಪಸ್ ತಗೊಳ್ಳಿ ಮೇಡಂ. ನಿಜವಾಗಿ ಹೇಳುತ್ತಿದ್ದೇನೆ. ಎರಡು ತಿಂಗಳು ಇದೆ ಅಲ್ವಾ, ಧಾರಾಳ ಆಯಿತು.

ನಾನು 14 ವರ್ಷದಿಂದ ಮಕ್ಕಳ ಜೊತೆ ನಾಟಕ ಮಾಡುತ್ತಿದ್ದೇನೆ. ಮೊದಲ ವರ್ಷ ಮಾಡಿಸಿದ್ದೂ ಇದೇ ಪುಣ್ಯಕೋಟಿ. ಮಾತೆಲ್ಲ ನಾನೇ ಬರೆದೆ, ಎಲ್ಲಿ ಕೈ ಎತ್ತಬೇಕು, ಎಲ್ಲಿ ಕಣ್ಣು ಒರೆಸಿಕೊಳ್ಳಬೇಕು ಅನ್ನೋದನ್ನೂ ನಾನೇ ಹೇಳಿಕೊಟ್ಟೆ. ಆ ದಿನ ಹುಲಿಯಾಗಿದ್ದ ಹುಡುಗ ಒಂದು ಸಾಲು ಮರೆತ. ಹಸು ಎದುರಿಗೇ ನಿಂತಿದೆ, ಹೊಟ್ಟೆ ಹಸಿದಿದೆ, ಹಿಡಿಯಬೇಕು, ಇಷ್ಟೂ ಅವನಿಗೆ ಗೊತ್ತು. ಆದರೂ ಏನು ಮಾಡಬೇಕೋ ತೋಚದೆ, ಪರದೆ ಪಕ್ಕ ನಿಂತಿದ್ದ ನನ್ನ ಮುಖವನ್ನೇ ನೋಡುತ್ತಾ ನಿಂತುಬಿಟ್ಟ. ತಪ್ಪು ಅವನದಲ್ಲ. ಅಷ್ಟು ದಿನದಲ್ಲಿ ಒಂದು ಸಲವೂ ಆ ಹುಲಿ ಬಗ್ಗೆ ನಾನು ಅವನನ್ನು ಏನೂ ಕೇಳಿರಲಿಲ್ಲ. ಆ ಮುಖ ಇವತ್ತಿಗೂ ನೆನಪಿದೆ.

ಮರುವರ್ಷ ಅದೇ ಕಥೆ, ಬೇರೆ ಮಕ್ಕಳು. ಹಾಡು ಎಲ್ಲರಿಗೂ ಬರುತ್ತಿತ್ತು, ಒಟ್ಟಿಗೆ ಹಾಡಿದೆವು. ಆಮೇಲೆ ಬೆಂಚೆಲ್ಲ ಗೋಡೆಗೆ ಸರಿಸಿ, "ಹುಲಿ ಹೊಟ್ಟೆ ಖಾಲಿ, ಈಗ ಅದು ಹೇಗೆ ನಡೆಯುತ್ತೆ?" ಅಂತ ಕೇಳಿದೆ. ಎಲ್ಲರೂ ಟೀವಿಯಲ್ಲಿ ನೋಡಿದ ಹಾಗೆ ಘರ್ ಅಂತ ಉಗುರು ತೋರಿಸಿದರು. ಒಬ್ಬ ಮಾತ್ರ ನಾಲ್ಕು ಹೆಜ್ಜೆ ಇಟ್ಟು ನಿಂತ. ನೆಲ ಮೂಸಿದ. ಮತ್ತೆ ಎರಡು ಹೆಜ್ಜೆ ಇಟ್ಟು, ಗಲ್ಲ ನೆಲಕ್ಕೆ ಆನಿಸಿ ಸುಮ್ನೆ ಮಲಗಿಬಿಟ್ಟ. "ಯಾಕೋ ಮಲಗಿದೆ?" ಅಂದೆ. "ಹಸಿವಾದ್ರೆ ನಮ್ಮ ನಾಯಿ ಹಿಂಗೇ ಮಾಡುತ್ತೆ ಮಿಸ್" ಅಂದ. ಉಳಿದವರೆಲ್ಲ ಘರ್ ಅನ್ನೋದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು.

ಅದೇ ವಾರ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು, "ಹಸು ಮತ್ತೆ ಬರ್ತೀನಿ ಅಂತ ಹೋಯ್ತಲ್ಲ ಮಿಸ್, ಅಲ್ಲೀತನಕ ಹುಲಿ ಏನು ಮಾಡ್ತಿತ್ತು?" ಇಷ್ಟು ವರ್ಷ ಹಾಡಿದ್ದೇನೆ, ನನಗೆ ಇದು ಹೊಳೆದೇ ಇರಲಿಲ್ಲ. ಹಾಡು ಹಸುವಿನ ಹಿಂದೆ ದೊಡ್ಡಿಗೆ ಹೋಗಿಬಿಡುತ್ತೆ ಅಲ್ವಾ. ಒಬ್ಬ ಹೇಳಿದ, ಬೈಕೊಳ್ತಾ ಇತ್ತು, ಮೋಸ ಹೋದೆ ಅಂತ. ಇನ್ನೊಬ್ಬಳು ಹೇಳಿದಳು, ದಾರಿ ನೋಡ್ತಾ ಇತ್ತು. ನಮ್ಮ ನಾಟಕದಲ್ಲಿ ಜನ ಉಸಿರು ಬಿಗಿಹಿಡಿದು ನೋಡಿದ್ದು ಆ ಜಾಗವನ್ನೇ: ಒಂದು ಮೂಲೆಯಲ್ಲಿ ಕರು ಹಾಲು ಕುಡಿಯುತ್ತಿದೆ, ಇನ್ನೊಂದು ಮೂಲೆಯಲ್ಲಿ ಹುಲಿ ಏಳುತ್ತೆ, ದಾರಿ ನೋಡುತ್ತೆ, ಮತ್ತೆ ಮಲಗುತ್ತೆ, ಹಾಡುವವರೂ ಸುಮ್ಮನೆ ಕೂತಿದ್ದಾರೆ. ಒಂದೇ ಒಂದು ಮಾತಿಲ್ಲ.

ಹಾಗಾಗಿ ಮೊದಲ ಎರಡು ವಾರ ಮಾತೇ ಬೇಡ. ಮಕ್ಕಳು ಆಡೋ ಸ್ಟ್ಯಾಚ್ಯೂ ಆಟ ಇದೆಯಲ್ಲ, ಅದನ್ನೇ ಹಿಡಿದುಕೊಳ್ಳಿ. ಕಥೆಯನ್ನು ಆರು ಚಿತ್ರ ಮಾಡಿ. ಗೊಲ್ಲ ಹಸುಗಳನ್ನು ಕರೆಯೋದು, ಹುಲಿ ಅಡ್ಡ ಬರೋದು, ಕರುವಿನ ಹತ್ತಿರ ಬರೋದು, ಹೀಗೆ. ನಾಲ್ಕೈದು ಜನರ ಗುಂಪು ಮಾಡಿ, ನೀವು ಐದು ಎಣಿಸುವಷ್ಟರಲ್ಲಿ ಚಿತ್ರ ಆಗಿ ನಿಲ್ಲಲಿ. ಆಮೇಲೆ ಒಬ್ಬೊಬ್ಬರ ಭುಜ ಮುಟ್ಟಿ "ಈಗ ನಿನ್ನ ಮನಸ್ಸಲ್ಲಿ ಏನಿದೆ?" ಅಂತ ಕೇಳಿ. ಅವರು ಹೇಳುವ ಒಂದೊಂದು ಮಾತನ್ನೂ ಬರೆದಿಟ್ಟುಕೊಳ್ಳಿ. ನಿಮ್ಮ ನಾಟಕದ ಮಾತು ಅದೇ. ಅವರ ಬಾಯಿಂದಲೇ ಬಂದಿದ್ದು, ಮರೆಯಲ್ಲ. ಮರೆತರೂ ಅದೇ ಅರ್ಥ ಬರೋ ಹಾಗೆ ಬೇರೆ ಏನೋ ಹೇಳಿ ಮುಂದೆ ಹೋಗುತ್ತಾರೆ.

ಆರೂ ಜನಕ್ಕೆ ಹುಲಿ ಪಾರ್ಟ್ ಕೊಡಿ. ಒಂದು ಹಳದಿ ಟವೆಲ್ ಸಾಕು, ಅದು ಯಾರ ಹೆಗಲ ಮೇಲಿದೆಯೋ ಅವರು ಹುಲಿ. ಹಸಿದ ಹುಲಿ ಒಬ್ಬ, ಅಡ್ಡಗಟ್ಟೋ ಹುಲಿ ಒಬ್ಬಳು, ಕಾಯೋ ಹುಲಿ ಇನ್ನೊಬ್ಬ. ಟವೆಲ್ ಕೈ ಬದಲಾಗೋದು ಎಲ್ಲರ ಕಣ್ಣಿಗೂ ಕಾಣಲಿ, ನೋಡುವವರಿಗೆ ಗೊಂದಲ ಆಗಲ್ಲ. ಉಳಿದವರು ಅರ್ಧ ಸುತ್ತು ಕೂತು ಮೇಳ ಆಗಲಿ. ಹಾಡೋರು ಅವರೇ, ಕಾಡು, ದೊಡ್ಡಿ, ಮಿಕ್ಕ ಹಸುಗಳೂ ಅವರೇ. ಯಾರೂ ಪರದೆ ಹಿಂದೆ ಹೋಗೋದು ಬೇಡ. ಪರದೆ ಹಿಂದೆ 20 ಮಕ್ಕಳನ್ನು ಸುಮ್ನೆ ಕೂರಿಸೋದು ಯಾರಿಂದಲೂ ಆಗದ ಕೆಲಸ.

ದನಿ ವಿಷಯ. "ಜೋರಾಗಿ, ಜೋರಾಗಿ" ಅಂದರೆ ಮಕ್ಕಳು ಕಿರುಚುತ್ತಾರೆ, ಗಂಟಲು ಕೆಡುತ್ತೆ, ಮಾತೂ ಗೊತ್ತಾಗಲ್ಲ. ಗ್ರೌಂಡಿಗೆ ಕರ್ಕೊಂಡು ಹೋಗಿ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಮೊದಲು ಹತ್ತು ಅಡಿ ದೂರ. "ಊಟ ಆಯ್ತಾ?" "ಆಯ್ತು, ಏನು ಸಾರು?" ಅಂತ ಮಾತಾಡಲಿ. ಪ್ರತಿ ಸಲ ನಾಲ್ಕು ಹೆಜ್ಜೆ ಹಿಂದೆ. ಗೆಳತಿಗೆ ಕೇಳಬೇಕು ಅನ್ನೋ ಆಸೆಗೆ ದನಿ ತಾನಾಗಿ ಏಳುತ್ತೆ, ಮಾತೂ ನಿಧಾನ ಆಗುತ್ತೆ. ಬೆನ್ನು ತೋರಿಸೋ ಅಭ್ಯಾಸ ಇದ್ದರೆ, ಪ್ರಾಕ್ಟೀಸಲ್ಲಿ ಹಿಂದೆ ಮೂವರನ್ನು ಕೂರಿಸಿ, ಮುಖ ಕಾಣದೆ ಇದ್ದಾಗ ಅವರು ಕೈ ಎತ್ತಲಿ. ನೀವು ಹೇಳೋದಕ್ಕಿಂತ ಅವರು ಕೈ ಎತ್ತಿದರೆ ಬೇಗ ತಿದ್ದಿಕೊಳ್ಳುತ್ತಾರೆ.

ಕೊನೆಯಲ್ಲಿ ಹುಲಿ ಸಾಯೋದಕ್ಕೆ ನಮ್ಮ ಮಕ್ಕಳು ಒಪ್ಪಲಿಲ್ಲ, ಇಬ್ಬರು ಅತ್ತರು. ಒಂದು ಇಡೀ ಪಿರಿಯಡ್ ಅದನ್ನೇ ಮಾತಾಡಿದೆವು. ಹಾಡಲ್ಲಿ ಇರೋ ಹಾಗೇ ಇರಲಿ ಅಂತ ಕೊನೆಗೆ ಅವರೇ ಅಂದರು, ಆದರೆ ಬೀಳೋದನ್ನು ತೋರಿಸೋದು ಬೇಡ ಅಂದರು. ಮೇಳದವರು ಎದ್ದು ಹುಲಿ ಮೇಲೆ ಕಂಬಳಿ ಹೊದಿಸಿದರು, ಅಷ್ಟೇ. ನೀವೂ ಕೇಳಿ ನೋಡಿ, ನಿಮ್ಮ ಮಕ್ಕಳು ಬೇರೆ ಏನಾದರೂ ಹೇಳಬಹುದು.

ಟೈಮ್ ಹಾಳು ಅಂತ ಯಾರಾದರೂ ಅಂದರೆ, 1995ರಲ್ಲಿ ಹೆಗ್ಗಡದೇವನ ಕೋಟೆಯಲ್ಲಿ ಶುರುವಾದ ನಲಿ-ಕಲಿಯನ್ನು ನೆನಪಿಸಿ. ಹಾಡು, ಆಟ, ಕಥೆ ಇಟ್ಟುಕೊಂಡೇ ಅಲ್ಲಿ ಓದು ಕಲಿಸಿದ್ದು. ಆಗೋದಾದರೆ ಒಂದು ಬೇಸಿಗೆಯಲ್ಲಿ ಮೈಸೂರಿಗೆ ಬಂದು ರಂಗಾಯಣದ ಚಿನ್ನರ ಮೇಳ, ಅಂದರೆ ಮಕ್ಕಳ ಬೇಸಿಗೆ ಶಿಬಿರ, ನೋಡಿ. ರಂಗಾಯಣ ಅಂದರೆ ನಾಟಕದ ನಿರ್ದೇಶಕ ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ನಾಟಕ ಸಂಸ್ಥೆ. ಅಲ್ಲಿ ಮಕ್ಕಳ ಜೊತೆ ಕೆಲಸ ಮಾಡೋದನ್ನು ಒಂದು ದಿನ ನೋಡಿದರೂ ತುಂಬಾ ಕಲಿಯಬಹುದು.

ವಿಜಯಪುರ ಜಿಲ್ಲೆಯ ತಾಂಡಾ ಶಾಲೆಯ ಮೇಷ್ಟ್ರು:

ಮೇಡಂ ಹೇಳಿದ್ದೆಲ್ಲ ಸರಿ. ನನ್ನದು ಒಂದೇ ಮಾತು. ಬಾಯಿ ಬಿಡದ ಆ ಹುಡುಗಿ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಾಳೆ? ಮೊದಲು ಅದನ್ನು ತಿಳಿದುಕೊಳ್ಳಿ. ನಮ್ಮಲ್ಲಿ ಮಕ್ಕಳ ಮನೆಮಾತು ಲಂಬಾಣಿ. ಕನ್ನಡದಲ್ಲಿ ಕೇಳಿದರೆ ತಲೆ ತಗ್ಗಿಸುತ್ತಾರೆ, ನಾವು ಅವರನ್ನು ದಡ್ಡರು ಅಂದುಕೊಂಡುಬಿಡುತ್ತೇವೆ. ನಾವೂ ಪುಣ್ಯಕೋಟಿ ಆಡಿದ್ದೆವು. ಕರು ಆಗಿದ್ದ ಮೂರನೇ ಕ್ಲಾಸಿನ ಹುಡುಗನಿಗೆ "ಅಮ್ಮಾ" ಅಂತ ಕರೆ ಅಂದರೆ ದನಿಯೇ ಬರುತ್ತಿರಲಿಲ್ಲ. ಒಂದು ದಿನ "ಮನೇಲಿ ಹೆಂಗ ಕರೀತಿ, ಹಂಗ ಕರಿ" ಅಂದೆ. "ಯಾಡೀ" ಅಂದ. ಆ ಕೂಗು ವರಾಂಡ ದಾಟಿ ಬಿಸಿಯೂಟದ ಕೋಣೆಗೆ ಕೇಳಿ, ಅಡುಗೆ ಮಾಡುತ್ತಿದ್ದ ಹೆಂಗಸು ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದರು, ಯಾರದೋ ಮಗು ಬಿತ್ತು ಅಂತ. ಅಲ್ಲಿಂದ ಕರು ಮತ್ತು ಹಸುವಿನ ಮಾತೆಲ್ಲ ಲಂಬಾಣಿಯಲ್ಲಿ ಇಟ್ಟೆವು, ಹಾಡು ಕನ್ನಡದಲ್ಲಿ. ಆಡಿದ ದಿನ ತಾಂಡಾದ ತಾಯಂದಿರು ಮುಂದೆ ಬಂದು ನೆಲದ ಮೇಲೆ ಕೂತು ನೋಡಿದರು. ಉರ್ದು, ತೆಲುಗು, ತುಳು ಯಾವುದೇ ಇರಲಿ, ನಾಟಕದಲ್ಲಿ ಅದಕ್ಕೆ ಜಾಗ ಕೊಡಿ. ಆ ಮೇಲೆ ಕನ್ನಡವೂ ಬಂತು, ಜಬರ್ದಸ್ತಿ ಮಾಡದೆ ಬಂತು.

ಉಡುಪಿ ಕಡೆಯ ಪೋಷಕರು:

ವೇಷದ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಮಗಳಿಗೆ ಒಂದು ಸಲ ಬಾಡಿಗೆ ಹಸು ಡ್ರೆಸ್ ತರಿಸಿದ್ದರು, ಮುಖ ಪೂರ್ತಿ ಮುಚ್ಚೋ ದಪ್ಪ ಬಟ್ಟೆ. ಅವಳ ಸರದಿ ಬರುವಷ್ಟರಲ್ಲಿ ಎರಡು ಗಂಟೆ ಆಗಿತ್ತು, ಬೆವರಿ ವಾಂತಿ ಮಾಡಿಕೊಂಡಳು. ಅಷ್ಟೆಲ್ಲ ಬೇಡ. ಯೂನಿಫಾರ್ಮ್ ಮೇಲೆ ಒಂದು ಶಾಲು, ಕೊರಳಿಗೆ ಗಂಟೆ ಕಟ್ಟಿದರೆ ಹಸು ಆಯಿತು. ದುಡ್ಡಿಲ್ಲದ ಮನೆಯವರು ಇರುತ್ತಾರೆ, ಬಾಡಿಗೆ ತನ್ನಿ ಅಂದರೆ ಆ ಮಗುವನ್ನು ಅವತ್ತು ಶಾಲೆಗೇ ಕಳಿಸಲ್ಲ. ಮೇಕಪ್ ಹಚ್ಚೋದಾದರೆ ಹಿಂದಿನ ದಿನ ಕೈಗೆ ಸ್ವಲ್ಪ ಹಚ್ಚಿ ನೋಡಿ, ಕೆಲವು ಮಕ್ಕಳಿಗೆ ಉರಿಯುತ್ತೆ. ಮತ್ತೆ ಅವರನ್ನು ಖಾಲಿ ಹೊಟ್ಟೆಯಲ್ಲಿ ಕೂರಿಸಬೇಡಿ, ಭಾಷಣ ಮುಗಿಯೋದು ಎಷ್ಟು ಹೊತ್ತಿಗೋ.

ಮೈಸೂರು ಕಡೆಯ ಟೀಚರ್, ಮತ್ತೊಮ್ಮೆ:

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ಭಾಷೆ ಅಡ್ಡಿ ಇಲ್ಲದೆಯೂ ಕೆಲವರು ಮಾತಾಡಲ್ಲ, ಅಂಥವರಿಗೆ ಸದ್ದಿನ ಕೆಲಸ ಕೊಡಿ. ಎರಡು ತೆಂಗಿನ ಚಿಪ್ಪು ಬಡಿದರೆ ಹಸುಗಳ ಗೊರಸು. ತಗಡಿನ ಡಬ್ಬಿಗೆ ರಾಗಿ ಹಾಕಿ ನಿಧಾನ ಓರೆ ಮಾಡಿದರೆ ಕಾಡಿನ ಮಳೆ. ಸದ್ದು ಬರದೆ ನಾಟಕ ಮುಂದೆ ಹೋಗದ ಹಾಗೆ ಜೋಡಿಸಿ, ಎಲ್ಲರೂ ಅವಳಿಗೆ ಕಾಯಬೇಕು. ಮಾತಾಡು ಅಂತ ಮಾತ್ರ ಒತ್ತಾಯ ಬೇಡ.

ಪ್ರಶ್ನೆ ಕೇಳಿದವರು, ಹತ್ತು ದಿನದ ಮೇಲೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಳೆ ವಾಪಸ್ ತಗೊಂಡೆ. ಹುಲಿ ಪಾರ್ಟಿನ ಜಗಳ ನಿಂತಿದೆ, ಈಗ ಹುಲಿ ಎಂಟು ಜನ. ಗ್ರೌಂಡಿನ ಆಟ ಚೆನ್ನಾಗಿ ಕೆಲಸ ಮಾಡಿತು, ಊರಿನವರು ನಿಂತು ನೋಡಿಕೊಂಡು ಹೋಗುತ್ತಿದ್ದಾರೆ. ಆ ಹುಡುಗಿ ಮನೆಯಲ್ಲಿ ತೆಲುಗು ಅಂತ ಗೊತ್ತಾಯಿತು. ಇನ್ನೂ ಮಾತಾಡಿಲ್ಲ. ಆದರೆ ಮಳೆ ಅವಳದು. ನಿನ್ನೆ ಡಬ್ಬಿಯನ್ನು ಮನೆಗೆ ತಗೊಂಡು ಹೋಗಲಾ ಅಂತ ಕೈಯಲ್ಲೇ ಕೇಳಿದಳು, ಕೊಟ್ಟು ಕಳಿಸಿದೆ. ಇವತ್ತು ಬೆಳಿಗ್ಗೆ ಡಬ್ಬಿ ತುಂಬಾ ರಾಗಿ ತುಂಬಿಕೊಂಡು ಬಂದಿದ್ದಾಳೆ, ಸದ್ದೇ ಬರುತ್ತಿಲ್ಲ, ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾಳೆ. ಎಷ್ಟು ಹಾಕಬೇಕು?

ಮೈಸೂರು ಕಡೆಯ ಟೀಚರ್:

ಎರಡು ಹಿಡಿ ಸಾಕು. ಅವಳ ಕೈಯಿಂದಲೇ ಒಂದೊಂದು ಹಿಡಿ ತೆಗೆಸಿ, ಪ್ರತಿ ಸಲ ಅಲ್ಲಾಡಿಸಿ ಕೇಳಿಸಿಕೊಳ್ಳಲಿ. ಯಾವುದು ಮಳೆ ಅಂತ ಅವಳೇ ಹೇಳಲಿ.