ಪ್ರೇರಿಯಲ್ಲಿ ಮಕ್ಕಳನ್ನು ಬೆಳೆಸುವವರಿಗೆ, ಸಸ್ಕಟೂನ್‌ನಿಂದ

ನಮಸ್ಕಾರ ಎಲ್ಲರಿಗೂ. ಹೊಸದಾಗಿ ಗುಂಪು ಸೇರಿದ ತಂಗಿಯೊಬ್ಬರು ಕೇಳಿದ್ದಾರೆ. ಯಜಮಾನರಿಗೆ ಕೆನಡಾದ ಸಸ್ಕಟೂನ್‌ನಲ್ಲಿ ಕೆಲಸ ಸಿಕ್ಕಿದೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. "ಅಲ್ಲಿ ಬರೀ ಬಯಲು, ಬರೀ ಚಳಿ ಅಂತಾರೆ. ಮಕ್ಕಳಿಗೆ ಏನಿದೆ ಅಕ್ಕಾ? ಎರಡು ವರ್ಷ ಹೇಗೋ ತಳ್ಳಿ ಟೊರಾಂಟೊ ಕಡೆ ಹೋಗಿಬಿಡೋಣ ಅಂತಿದ್ದೀವಿ" ಎಂದು ಬರೆದಿದ್ದಾರೆ. ಬಾಡಿಗೆ ಮನೆ, ಶಾಲೆ, ಹೆಲ್ತ್ ಕಾರ್ಡ್ ವಿಷಯ ಬೇರೆಯವರು ಆಗಲೇ ಚೆನ್ನಾಗಿ ಹೇಳಿದ್ದಾರೆ. ನಾನು ಈ ನೆಲದ, ಅಂದರೆ ಪ್ರೇರಿ ಅನ್ನುವ ಹುಲ್ಲು ಬಯಲಿನ ಬಗ್ಗೆ ಹೇಳುತ್ತೇನೆ.

ತಂಗೀ, ಮುಂದೆ ಎಲ್ಲಿಗಾದರೂ ಹೋಗಿ, ಅದು ನಿಮ್ಮಿಷ್ಟ. ಆದರೆ ಇಲ್ಲಿ ಇರುವಷ್ಟು ಕಾಲ ದಿನ ಎಣಿಸುತ್ತಾ ಕೂರಬೇಡಿ. ಅಪ್ಪ ಅಮ್ಮನಿಗೆ ಊರಿನ ಮೇಲೆ ಮನಸ್ಸಿಲ್ಲ ಅನ್ನುವುದು ಮಕ್ಕಳಿಗೆ ಬಹಳ ಬೇಗ ಗೊತ್ತಾಗುತ್ತದೆ. ಎಂಟು ವರ್ಷದ ಮಗುವಿಗೆ ಎರಡು ವರ್ಷ ಅಂದರೆ ಅದರ ಬಾಲ್ಯದ ದೊಡ್ಡ ಪಾಲು. ಸಸ್ಕಟೂನ್ ಇರುವ ಸಸ್ಕಾಚೆವಾನ್ ಪ್ರಾಂತ್ಯ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು, ಜನ ಮಾತ್ರ ಸುಮಾರು 12 ಲಕ್ಷ. ಕಾರಿನಿಂದ ನೋಡಿದರೆ ಖಾಲಿ ಅನ್ನಿಸುತ್ತದೆ. ಇಳಿದು ನಡೆದರೆ ಹಾಗನ್ನಿಸುವುದಿಲ್ಲ. ಅದಕ್ಕೇ ಮಕ್ಕಳನ್ನು ಇಳಿಸಿ ನಡೆಸಿ ಅಂತ ಹೇಳುತ್ತಿದ್ದೇನೆ.

ಮೊದಲು ಹೋಗಬೇಕಾದ ಜಾಗ ವಾನಸ್ಕೇವಿನ್. ಊರಿನ ಉತ್ತರಕ್ಕೆ, ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಸಣ್ಣ ತೊರೆಯೊಂದು ದಕ್ಷಿಣ ಸಸ್ಕಾಚೆವಾನ್ ನದಿಗೆ ಸೇರುವ ಕಣಿವೆ ಅದು. ಬಯಲಿನ ಬೇರೆ ಬೇರೆ ಮೂಲನಿವಾಸಿ ಜನಾಂಗಗಳು ಸುಮಾರು 6,000 ವರ್ಷಗಳಿಂದ ಅಲ್ಲಿ ಸೇರುತ್ತಾ ಬಂದಿದ್ದವು. ಚಳಿಗಾಲದಲ್ಲಿ ಗಾಳಿಗೆ ಮರೆ, ಕುಡಿಯಲು ನೀರು, ಬೇಟೆಗೆ ಬೈಸನ್, ಎಲ್ಲವೂ ಒಂದೇ ಕಡೆ. ನಮ್ಮ ಬಂಡೀಪುರದ ಕಾಟಿಗೂ ಬೈಸನ್ ಅನ್ನುತ್ತಾರಲ್ಲ, ಇದು ಅದಲ್ಲ. ಇದಕ್ಕೆ ಭುಜದ ಮೇಲೆ ದೊಡ್ಡ ಗೂನು, ತಲೆ ಕುತ್ತಿಗೆ ತುಂಬಾ ದಟ್ಟ ಉಣ್ಣೆ. ಹಿಂಡನ್ನು ಉಪಾಯವಾಗಿ ಕಡಿದಾದ ದಿಬ್ಬದ ಕಡೆ ಓಡಿಸಿ ಕೆಳಗೆ ಬೀಳಿಸಿ ಬೇಟೆಯಾಡುತ್ತಿದ್ದರು. ಆ ದಿಬ್ಬದ ಮೇಲೆ ನಿಂತು ಮಕ್ಕಳಿಗೆ ಹೇಳಿದರೆ ಸಾಕು, ಅಲ್ಲೇ ಅರ್ಥವಾಗುತ್ತದೆ.

ಈ ಜಾಗ 1992ರಲ್ಲಿ ಜನರಿಗೆ ತೆರೆಯಿತು. 2019ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಮತ್ತೆ ಬೈಸನ್ ತಂದು ಬಿಟ್ಟರು. ಆಮೇಲೆ ನಡೆದದ್ದು ನನಗೆ ತುಂಬಾ ಇಷ್ಟವಾದ ಸಂಗತಿ. ಬೈಸನ್‌ಗಳು ಮಣ್ಣಿನಲ್ಲಿ ಹೊರಳಾಡಿ ಮೈ ಉಜ್ಜಿಕೊಳ್ಳುತ್ತವೆ. ಹಾಗೆ ಹೊರಳಾಡಿದ ಕಡೆ, 2020ರಲ್ಲಿ, ಗೆರೆ ಕೆತ್ತಿದ ಕಲ್ಲುಗಳು ಮೇಲೆ ಬಂದವು. ದಶಕಗಳಿಂದ ತಜ್ಞರು ಅಗೆದು ನೋಡಿದ ಕಣಿವೆಯಲ್ಲಿ ಕೆತ್ತನೆ ಕಲ್ಲು ತೋರಿಸಿಕೊಟ್ಟದ್ದು ಬೈಸನ್! ಈ ಕಥೆ ಕೇಳಿದ ಮಕ್ಕಳು ಅಲ್ಲಿಗೆ ಹೋದಾಗಲೆಲ್ಲ ನೆಲ ನೋಡಿಕೊಂಡೇ ನಡೆಯುತ್ತಾರೆ.

ಬೈಸನ್ ಹೋದದ್ದು ಹೇಗೆ ಅಂತಲೂ ಮಕ್ಕಳಿಗೆ ಹೇಳಬೇಕು. ಒಂದು ಕಾಲಕ್ಕೆ ಉತ್ತರ ಅಮೆರಿಕದಲ್ಲಿ ಕೋಟಿಗಟ್ಟಲೆ ಇದ್ದವು. 1880ರ ದಶಕ ಮುಗಿಯುವಷ್ಟರಲ್ಲಿ ಈ ಬಯಲಿನಲ್ಲಿ ಹೆಚ್ಚುಕಡಿಮೆ ಇಲ್ಲವಾದವು. ಬಯಲೆಲ್ಲಾ ಬಿದ್ದಿದ್ದ ಮೂಳೆಗಳನ್ನು ಆರಿಸಿ ರೈಲಿನಲ್ಲಿ ಗೊಬ್ಬರಕ್ಕೂ ಸಕ್ಕರೆ ಕಾರ್ಖಾನೆಗೂ ಕಳಿಸಿದರು. ಆಹಾರ, ಬಟ್ಟೆ, ಗುಡಾರ ಎಲ್ಲಕ್ಕೂ ಅದನ್ನೇ ನಂಬಿದ್ದ ಜನ ಹಸಿವಿಗೆ ಬಿದ್ದರು. ಆ ಹಸಿವು ಹತ್ತಿರ ಬರುತ್ತಿದ್ದ ಕಾಲದಲ್ಲೇ, 1876ರಲ್ಲಿ, ಕ್ರೀ ಮತ್ತಿತರ ಜನಾಂಗಗಳು ಬ್ರಿಟಿಷ್ ರಾಜಸತ್ತೆಯ ಜೊತೆ ತಮ್ಮ ನೆಲದ ವಿಷಯವಾಗಿ ಆರನೇ ಒಪ್ಪಂದ (ಟ್ರೀಟಿ 6) ಮಾಡಿಕೊಂಡವು. ಸಸ್ಕಟೂನ್ ಇರುವುದು ಆ ಒಪ್ಪಂದದ ನೆಲದಲ್ಲಿ. ಆ ಜನರಿಗೆ ಸರ್ಕಾರ ತಲೆಗೆ ವರ್ಷಕ್ಕೆ 5 ಡಾಲರ್ ಕೊಡಬೇಕು ಅಂತ ಅಂದು ಬರೆದದ್ದನ್ನು ಇಂದಿಗೂ 5 ಡಾಲರ್ ಎಂದೇ ಕೊಡುತ್ತಾರೆ. ಇಲ್ಲಿನ ಶಾಲೆಗಳಲ್ಲಿ ಈ ಒಪ್ಪಂದಗಳ ಪಾಠ ಕಡ್ಡಾಯ. ನಿಮ್ಮ ಮಗು ಮನೆಗೆ ಬಂದು ಕೇಳಿದಾಗ ನಿಮಗೂ ಗೊತ್ತಿರಲಿ.

ಬಟೋಶ್‌ಗೆ ಒಂದು ಇಡೀ ದಿನ ಇಟ್ಟುಕೊಳ್ಳಿ. ಕಾರಿನಲ್ಲಿ ಸುಮಾರು ಒಂದು ಗಂಟೆ. ಮೂಲನಿವಾಸಿ ತಾಯಂದಿರು ಮತ್ತು ಯುರೋಪಿನಿಂದ ಬಂದ ತುಪ್ಪಳ ವ್ಯಾಪಾರಿಗಳ ಸಂತತಿಯಾಗಿ ಬೆಳೆದ ಮೇಟಿ ಜನರ ಊರು ಅದು. ಪ್ರತಿ ಮನೆಗೂ ನದಿ ಸಿಗಲಿ ಅಂತ ಅವರು ಹೊಲಗಳನ್ನು ನದಿಯಿಂದ ಉದ್ದಕ್ಕೆ, ಕಿರಿದಾದ ಪಟ್ಟಿಗಳಾಗಿ ಹಂಚಿಕೊಂಡಿದ್ದರು. ಒಟ್ಟಾವಾ ಸರ್ಕಾರದ ಸರ್ವೆಯವರು ನೆಲವನ್ನು ಚೌಕ ಚೌಕ ಅಳೆಯಲು ಹೊರಟರು. ಅರ್ಜಿ ಮೇಲೆ ಅರ್ಜಿ ಹೋದರೂ ಸರಿಯಾದ ಉತ್ತರ ಬರಲಿಲ್ಲ. 1884ರಲ್ಲಿ ಅವರ ಮುಂದಾಳು ಗೇಬ್ರಿಯಲ್ ಡ್ಯೂಮಾಂಟ್ ಮತ್ತು ಜೊತೆಗಾರರು ಕುದುರೆ ಏರಿ ಅಮೆರಿಕದ ಮೊಂಟಾನಾಗೆ ಹೋಗಿ, ಅಲ್ಲಿ ಮೇಷ್ಟರಾಗಿದ್ದ ಮೇಟಿ ನಾಯಕ ಲೂಯಿ ರಿಯೆಲ್‌ನನ್ನು ಕರೆದುಕೊಂಡು ಬಂದರು. 1885ರ ಮೇ 9ರಿಂದ 12ರವರೆಗೆ ಬಟೋಶ್‌ನಲ್ಲಿ ಸರ್ಕಾರದ ಸೈನ್ಯದ ಜೊತೆ ಕಾಳಗ ನಡೆಯಿತು. ಮೇಟಿಗಳು ಸೋತರು. ಅದೇ ವರ್ಷ ನವೆಂಬರ್ 16ಕ್ಕೆ ರಿಯೆಲ್‌ಗೆ ರೆಜೈನಾದಲ್ಲಿ ಗಲ್ಲಾಯಿತು. ಪಾದ್ರಿಗಳ ಮನೆಯ ಗೋಡೆಯಲ್ಲಿ ಗುಂಡಿನ ಗುರುತು ಇವತ್ತಿಗೂ ಇದೆ. ಜುಲೈನಲ್ಲಿ ಅಲ್ಲಿ ಮೇಟಿಗಳ ದೊಡ್ಡ ಜಾತ್ರೆ ನಡೆಯುತ್ತದೆ. ಪಿಟೀಲು, ಹೆಜ್ಜೆ ಕುಣಿತ, ಬಣ್ಣದ ನಡುಪಟ್ಟಿ, ಎಲ್ಲವೂ ಇರುತ್ತದೆ. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಸೋತ ಜನ ಅಂತ ಪುಸ್ತಕದಲ್ಲಿ ಓದಿದ್ದ ಮೇಟಿಗಳೇ ಅಲ್ಲಿ ಹಾಡಿ ಕುಣಿಯುವುದನ್ನು ಮಕ್ಕಳು ನೋಡಬೇಕು.

ಒಂದು ಕಷ್ಟದ ಮಾತೂ ಇದೆ. ಸೆಪ್ಟೆಂಬರ್ 30ಕ್ಕೆ ಶಾಲೆಯಲ್ಲಿ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಬನ್ನಿ ಅನ್ನುತ್ತಾರೆ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ವಸತಿ ಶಾಲೆಗೆ ಹಾಕಿ, ತಮ್ಮ ಮಾತು ಆಡಿದರೆ ಶಿಕ್ಷೆ ಕೊಡುತ್ತಿದ್ದ ಕಾಲದ ನೆನಪು ಅದು. ಸಸ್ಕಾಚೆವಾನ್‌ನ ಕೊನೆಯ ಅಂಥ ಶಾಲೆ ಮುಚ್ಚಿದ್ದು 1996ರಲ್ಲಿ. 2021ರಲ್ಲಿ ಕಾವೆಸೆಸ್ ಜನಾಂಗದವರು ಹಳೆಯ ಮೇರಿವಲ್ ಶಾಲೆಯ ಹತ್ತಿರ ಹೆಸರಿಲ್ಲದ 751 ಸಮಾಧಿಗಳ ಕುರುಹು ಸಿಕ್ಕಿದೆ ಎಂದು ಹೇಳಿದರು. ಸಣ್ಣ ಮಕ್ಕಳಿಗೆ ಎಷ್ಟು ಹೇಳಬೇಕು ಅಂತ ನಮ್ಮ ಗುಂಪಿನಲ್ಲೇ ಎರಡು ಅಭಿಪ್ರಾಯ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಹೇಳಿ. ಮನೆಯಲ್ಲಿ ಕನ್ನಡ ಉಳಿಸಬೇಕು ಅಂತ ಇಷ್ಟೊಂದು ಒದ್ದಾಡುವ ನಾವು, ಮಾತು ಕಸಿದುಕೊಂಡವರ ಕಥೆಗೆ ಕಿವಿ ಮುಚ್ಚಿಕೊಳ್ಳುವುದು ಸರಿಯಲ್ಲ.

ಆಮೇಲೆ ಬಂದವರದ್ದು ವಲಸಿಗರ ಚರಿತ್ರೆ. 1872ರ ಕಾನೂನಿನಂತೆ 10 ಡಾಲರ್ ಶುಲ್ಕಕ್ಕೆ 160 ಎಕರೆ ಕೊಟ್ಟರು. ಮೂರು ವರ್ಷ ಅಲ್ಲೇ ಇದ್ದು, ನೆಲ ಉತ್ತು, ಮನೆ ಕಟ್ಟಬೇಕು ಅನ್ನುವುದು ಷರತ್ತು. ಮರವಿಲ್ಲದ ಕಡೆ ಹುಲ್ಲಿನ ಬೇರುಸಮೇತ ಮಣ್ಣನ್ನು ಇಟ್ಟಿಗೆಯಂತೆ ಕತ್ತರಿಸಿ ಗೋಡೆ ಎಬ್ಬಿಸಿದರು. ಉಕ್ರೇನಿನಿಂದ ಬಹಳ ಜನ ಬಂದರು. ಅವರ ಅಡುಗೆ ಈಗ ಇಡೀ ಪ್ರೇರಿಯ ಅಡುಗೆ. ಸಸ್ಯಾಹಾರಿಗಳು ಹೆದರಬೇಡಿ. ಆಲೂಗಡ್ಡೆ ತುಂಬಿದ ಪೆರೋಗಿ ಅನ್ನುವ ಕಡುಬು ಎಲ್ಲೆಡೆ ಸಿಗುತ್ತದೆ. ಮೇಲೆ ಬೇಕನ್ ಹಾಕುತ್ತಾರಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಅವರ ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟದಲ್ಲಿ ಮಾಂಸವಿಲ್ಲದ 12 ಬಗೆ. ಮೊದಲು ಬಡಿಸುವುದು ಬೇಯಿಸಿದ ಗೋಧಿಗೆ ಜೇನು, ಗಸಗಸೆ ಹಾಕಿದ ಕುಟ್ಯಾ. ತಿಂದರೆ ನಮ್ಮ ಗೋಧಿ ಹುಗ್ಗಿಯೇ ನೆನಪಾಗುತ್ತದೆ. ಸುಗ್ಗಿ ಮುಗಿದ ಮೇಲೆ ಹಳ್ಳಿಗಳ ಸಮುದಾಯ ಭವನಗಳಲ್ಲಿ, ಚರ್ಚುಗಳಲ್ಲಿ ಎಲ್ಲರೂ ಸೇರಿ ಮಾಡುವ ಊಟ ಇರುತ್ತದೆ. ಟಿಕೆಟ್ ತೆಗೆದುಕೊಂಡರೆ ಯಾರು ಬೇಕಾದರೂ ಹೋಗಬಹುದು. ಹೊಸಬರು ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಾರೆ.

ನೀವು ಬಂದ ಕೂಡಲೇ ಮಾಡಿಸುವ ಹೆಲ್ತ್ ಕಾರ್ಡ್ ಇದೆಯಲ್ಲ, ಅದರ ಬೇರೂ ಇದೇ ಪ್ರಾಂತ್ಯದಲ್ಲಿದೆ. ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಕೆನಡಾದಲ್ಲಿ ಮೊದಲು ಶುರುವಾದದ್ದು ಇಲ್ಲೇ, 1962ರ ಜುಲೈ 1ಕ್ಕೆ.

ನಮ್ಮ ಅಡುಗೆಮನೆಗೂ ಈ ನೆಲಕ್ಕೂ ಸಂಬಂಧ ಇದೆ. ಕೆನಡಾದ ಚನ್ನಂಗಿ ಬೇಳೆಯ ಬಹುಪಾಲು ಬೆಳೆಯುವುದು ಸಸ್ಕಾಚೆವಾನ್‌ನಲ್ಲಿ. 1970ರ ದಶಕದಲ್ಲಿ ಸಸ್ಕಟೂನ್‌ನ ವಿಶ್ವವಿದ್ಯಾಲಯದ ಅಲ್ ಸ್ಲಿಂಕರ್ಡ್ ಎಂಬ ವಿಜ್ಞಾನಿ ಇಲ್ಲಿನ ಹವೆಗೆ ಹೊಂದುವ ತಳಿಗಾಗಿ ಕೆಲಸ ಮಾಡಿ, 1978ರಲ್ಲಿ ಲೇರ್ಡ್ ಎಂಬ ತಳಿ ಕೊಟ್ಟರು. ಗೋಧಿ ಬಿಟ್ಟು ಬೇರೆ ಬೆಳೆ ಬೇಕಿತ್ತು, ಬೇಳೆಕಾಳು ನೆಲಕ್ಕೆ ಸಾರಜನಕ ಕೊಡುತ್ತದೆ, ಹಾಗಾಗಿ ರೈತರು ಹಿಡಿದರು. ಭಾರತ ಇಲ್ಲಿಂದ ಚನ್ನಂಗಿ, ಹಳದಿ ಬಟಾಣಿ ಕೊಳ್ಳುತ್ತದೆ. 2017ರಲ್ಲಿ ದೆಹಲಿ ಆಮದು ಸುಂಕ ಹೆಚ್ಚಿಸಿದಾಗ ಇಲ್ಲಿನ ಹಳ್ಳಿಗಳಲ್ಲೂ ಅದೇ ಮಾತು. ಸಾಸಿವೆ, ಅಗಸೆ ಕೂಡ ಇಲ್ಲಿ ಹೊಲಗಟ್ಟಲೆ ಬೆಳೆಯುತ್ತಾರೆ. ಜುಲೈನಲ್ಲಿ ಅಗಸೆ ಹೊಲ ನೀಲಿಯಾಗಿ ಹೂ ಬಿಟ್ಟಿರುವಾಗ ಕಾರು ನಿಲ್ಲಿಸಿ ಮಕ್ಕಳಿಗೆ ತೋರಿಸಿ. ಅಜ್ಜಿ ಕಳಿಸುವ ಅಗಸೆ ಚಟ್ನಿಪುಡಿಯ ಗಿಡ ಇದು ಅಂತ ಹೇಳಿ.

ಈಗ ಚಳಿಯ ವಿಷಯ. ಮೈನಸ್ 30 ಬರುತ್ತದೆ, ಒಮ್ಮೊಮ್ಮೆ 40ರ ಹತ್ತಿರವೂ ಹೋಗುತ್ತದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಆದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಕ್ಕಳನ್ನು ಮನೆಯಲ್ಲೇ ಕೂಡಿಹಾಕಿದರೆ ಐದು ತಿಂಗಳು ಜಗಳ, ಟಿವಿ ಅಷ್ಟೇ. ಇಲ್ಲಿನವರು ಚಳಿಯನ್ನು ಕಾಯುತ್ತಾರೆ, ಯಾಕೆಂದರೆ ಅವರ ಆಟಗಳೆಲ್ಲಾ ಆಗಲೇ. ನದಿ ಪಕ್ಕದಲ್ಲಿ, ಪೇಟೆ ನಡುವೆ, ನದಿ ಕಣಿವೆಯನ್ನು ನೋಡಿಕೊಳ್ಳುವ ಮೀವಾಸಿನ್ ಸಂಸ್ಥೆಯವರ ಬಯಲು ಸ್ಕೇಟಿಂಗ್ ಅಂಗಳ ಉಚಿತ. ಡೀಫನ್‌ಬೇಕರ್ ಪಾರ್ಕಿನ ದಿಬ್ಬದಲ್ಲಿ ಜಾರುಹಲಗೆ ಇಟ್ಟುಕೊಂಡು ಮಕ್ಕಳು ಸಂಜೆವರೆಗೂ ಜಾರುತ್ತಾರೆ. ಕರ್ಲಿಂಗ್ ಈ ಪ್ರಾಂತ್ಯದ ಅಧಿಕೃತ ಆಟ. ಮಂಜುಗಡ್ಡೆಯ ಮೇಲೆ ಭಾರದ ಕಲ್ಲನ್ನು ಜಾರಿಸಿ ಗುರಿಗೆ ನಿಲ್ಲಿಸುವುದು. ನಾಗಾನೊದಲ್ಲಿ 1998ರ ಒಲಿಂಪಿಕ್ಸ್ ಚಿನ್ನ ಗೆದ್ದ ಸಾಂಡ್ರಾ ಶ್ಮಿರ್ಲರ್ ತಂಡ ಇಲ್ಲಿಯದೇ. ಓಡುವುದು ಇಷ್ಟವಿಲ್ಲದ ಮಗುವಿಗೂ ಹಿಡಿಸುವ ಆಟ.

ಬಟ್ಟೆಗೆ ದುಡ್ಡು ಉಳಿಸಬೇಡಿ. ಮೈಗೆ ತಾಗುವ ಪದರ ಹತ್ತಿ ಬೇಡ. ಬೆವರು ಹಿಡಿದು ತಣ್ಣಗಾಗುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಇರಲಿ, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ಸ್ನೋ ಪ್ಯಾಂಟ್. ಬೆರಳು ಬೇರೆಬೇರೆ ಇರುವ ಗ್ಲೌಸ್‌ಗಿಂತ ಮಿಟನ್ ಬೆಚ್ಚಗೆ. ಗಾಳಿಯ ಚಳಿ ಸೇರಿ ಮೈನಸ್ 28 ದಾಟಿದರೆ ಬರಿ ಚರ್ಮ ಅರ್ಧ ಗಂಟೆಯೊಳಗೆ ಮರಗಟ್ಟಬಹುದು. ಆ ದಿನ ಕೆನ್ನೆ, ಮೂಗು ನೋಡುತ್ತಾ ಸ್ವಲ್ಪ ಹೊತ್ತು ಮಾತ್ರ ಆಡಿಸಿ. ಕಾರಿನಲ್ಲಿ ಕಂಬಳಿ, ಗುದ್ದಲಿ, ಮೇಣದಬತ್ತಿ, ಬೆಂಕಿಪೊಟ್ಟಣ ಇರಲೇಬೇಕು. ರಾತ್ರಿ ಕಾರಿನ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಪ್ಲಗ್ ಹಾಕುವುದು ಮರೆಯಬೇಡಿ.

ಹೆಪ್ಪುಗಟ್ಟಿದ ಕೆರೆಯಲ್ಲಿ ರಂಧ್ರ ಕೊರೆದು ಮೀನು ಹಿಡಿಯುವುದು ಇಲ್ಲಿನ ದೊಡ್ಡ ಹವ್ಯಾಸ. ಸಹೋದ್ಯೋಗಿಗಳು ಖಂಡಿತ ಕರೆಯುತ್ತಾರೆ. ಮೀನು ತಿನ್ನದಿದ್ದರೂ ಹೋಗಿ, ಗುಡಾರದೊಳಗೆ ಕೂತು ಹರಟುವುದೇ ಮುಖ್ಯ. ಮಂಜುಗಡ್ಡೆ ನಡೆಯಲು ಕನಿಷ್ಠ 10 ಸೆಂಟಿಮೀಟರ್, ಕಾರು ಹೋಗಲು 30 ಸೆಂಟಿಮೀಟರ್ ದಪ್ಪ ಇರಬೇಕು. ಹರಿಯುವ ನದಿಯ ಮೇಲೆ ಮಾತ್ರ ಮಕ್ಕಳನ್ನು ಕಾಲಿಡಲು ಬಿಡಬೇಡಿ.

ಜುಲೈನಲ್ಲಿ ಸಸ್ಕಟೂನ್ ಬೆರ್ರಿ ಹಣ್ಣಾಗುತ್ತದೆ. ಹಿಂದೆ ಮೂಲನಿವಾಸಿಗಳು ಒಣಗಿಸಿದ ಬೈಸನ್ ಮಾಂಸ, ಕೊಬ್ಬಿನ ಜೊತೆ ಈ ಹಣ್ಣನ್ನು ಕುಟ್ಟಿ ಪೆಮಿಕನ್ ಮಾಡಿ ಚಳಿಗಾಲಕ್ಕೆ ಇಡುತ್ತಿದ್ದರು. ಈಗ ತೋಟಗಳಲ್ಲಿ ನಾವೇ ಬಿಡಿಸಿಕೊಂಡು ತೂಕಕ್ಕೆ ದುಡ್ಡು ಕೊಡಬಹುದು. ಶರತ್ಕಾಲದಲ್ಲಿ ಲಾಸ್ಟ್ ಮೌಂಟನ್ ಲೇಕ್‌ಗೆ ಹೋಗಿ. 1887ರಲ್ಲಿ ಘೋಷಿಸಿದ, ಉತ್ತರ ಅಮೆರಿಕದ ಮೊದಲ ಸರ್ಕಾರಿ ಪಕ್ಷಿಧಾಮ. ದಕ್ಷಿಣಕ್ಕೆ ಹೊರಟ ಸ್ಯಾಂಡ್‌ಹಿಲ್ ಕೊಕ್ಕರೆಗಳು ಸಾವಿರಗಟ್ಟಲೆ ಇಳಿಯುತ್ತವೆ. ಅದೃಷ್ಟವಿದ್ದರೆ ಬಿಳಿ ವೂಪಿಂಗ್ ಕೊಕ್ಕರೆಯೂ ಕಾಣಬಹುದು. 1941ರ ಹೊತ್ತಿಗೆ ಅವು ಇಪ್ಪತ್ತರ ಆಸುಪಾಸಿಗೆ ಇಳಿದಿದ್ದವು.

ದೂರ ಹೋಗುವುದಾದರೆ ದಕ್ಷಿಣದ ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಸುಮಾರು ನಾಲ್ಕು ಗಂಟೆ ದಾರಿ. ಕಪ್ಪು ಬಾಲದ ಪ್ರೇರಿ ನಾಯಿಗಳು ಕೆನಡಾದಲ್ಲಿ ಸಹಜ ನೆಲೆಯಲ್ಲಿ ಉಳಿದಿರುವುದು ಆ ಸುತ್ತಮುತ್ತ ಮಾತ್ರ. ಹೆಸರು ನಾಯಿ, ಜಾತಿ ಅಳಿಲಿನದು. ಹುಲ್ಲಿನ ನಡುವೆ, ಮೂಲನಿವಾಸಿಗಳು ಹಿಂದೆ ತಮ್ಮ ಗುಡಾರದ ಅಂಚಿಗೆ ಇಟ್ಟಿದ್ದ ಕಲ್ಲಿನ ಸುತ್ತುಗಳು ಹಾಗೇ ಇವೆ. ಕಲ್ಲು ಅಲುಗಿಸಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿ. ಬುಡುಬುಡಿಕೆ ಹಾವು (ವಿಷದ ರ್ಯಾಟಲ್‌ಸ್ನೇಕ್) ಇರುತ್ತದೆ, ಕಾಲಿಗೆ ಶೂ ಇರಲಿ. ವಸಂತದಲ್ಲಿ ಉಣ್ಣೆಹುಳ ಜಾಸ್ತಿ, ಮನೆಗೆ ಬಂದ ಮೇಲೆ ಮಕ್ಕಳ ಕಿವಿ ಹಿಂದೆ, ತಲೆಯಲ್ಲಿ ನೋಡಬೇಕು.

ಸಸ್ಕಾಚೆವಾನ್‌ನ ಮೂಲ ಹುಲ್ಲುಗಾವಲಿನಲ್ಲಿ ಈಗ ಉಳಿದಿರುವುದು ಐದನೇ ಒಂದು ಭಾಗಕ್ಕಿಂತ ಕಡಿಮೆ. ಉತ್ತು ಹಾಕಿದ್ದು ಮತ್ತೆ ಹಾಗೆ ಬೆಳೆಯುವುದು ಬಹಳ ಕಷ್ಟ. ಚಿತ್ರದುರ್ಗದ ಕಡೆಯವರಿಗೆ ಅಮೃತ ಮಹಲ್ ಕಾವಲುಗಳ ಗತಿ ಗೊತ್ತಿದೆ. ಹುಲ್ಲು ಕಂಡರೆ ಪಾಳು ಜಮೀನು ಅನ್ನುವ ಅಭ್ಯಾಸ ಅಲ್ಲೂ ಇದೆ, ಇಲ್ಲೂ ಇತ್ತು. ನಮ್ಮ ಮಕ್ಕಳಿಗೆ ಆ ಅಭ್ಯಾಸ ಬರದಿರಲಿ ಅಂತ ನನಗೆ ನಿಜವಾಗಿ ಆಸೆ.

ನಿಮಗೆ ಕೈಯಲ್ಲಿದ್ದರೆ ಜೂನ್ ಕೊನೆಗೆ ಬನ್ನಿ. ಶಾಲೆ ಶುರುವಾಗುವ ಮೊದಲು ಎರಡು ತಿಂಗಳು ಸಿಗುತ್ತದೆ, ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಮಕ್ಕಳು ಹಿಮ ಬೀಳುವ ಮೊದಲೇ ನದಿದಂಡೆಯ ದಾರಿಗಳನ್ನು ಕಲಿತುಬಿಡುತ್ತಾರೆ. ಸ್ನೋ ಪ್ಯಾಂಟ್ ಭಾರತದಿಂದ ತರಬೇಡಿ, ಇಲ್ಲೇ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯವು ಸಿಗುತ್ತವೆ. ಬಂದ ಮೇಲೆ ಗುಂಪಿನಲ್ಲಿ ಒಂದು ಮಾತು ಹಾಕಿ, ವಾನಸ್ಕೇವಿನ್‌ಗೆ ಒಟ್ಟಿಗೆ ಹೋಗೋಣ. ಚಿತ್ರಾನ್ನ ನಾನು ತರುತ್ತೇನೆ.